*ಇಂದಿನ ಧಮ್ಮ ಚಿಂತನೆ: ಕೈ ಎತ್ತುವ ಮೊದಲು ವಿಚಾರಿಸಿದ ಸಿದ್ಧಾರ್ಥ*





*ಇಂದಿನ ಪ್ರಶ್ನೆ:* ಯುದ್ಧದ ಬಗ್ಗೆ ನಮಗಿರುವ ಅಭಿಪ್ರಾಯ ನಾವೇ ವಿಚಾರ ಮಾಡಿ ಕಂಡುಕೊಂಡದ್ದೋ, ಟಿವಿ ನಮ್ಮೊಳಗೆ ಇಟ್ಟುಹೋದದ್ದೋ?

2025ರ ಏಪ್ರಿಲ್ 22ರಂದು ಪಹಲ್ಗಾಮ್‌ನಲ್ಲಿ ಭಯೋತ್ಪಾದಕರು 26 ಜನರನ್ನು ಕೊಂದರು. ಸತ್ತವರಲ್ಲಿ ಬೆಂಗಳೂರಿನವರೂ ಶಿವಮೊಗ್ಗದವರೂ ಇದ್ದರು. ಆ ದುಃಖ ನಿಜ, ಆ ಸಿಟ್ಟೂ ನಿಜ. ಮೇ 7ರಂದು ಸೇನೆ ಆಪರೇಷನ್ ಸಿಂಧೂರ ನಡೆಸಿತು. ಮರುದಿನ ರಾತ್ರಿ ಚಾಮರಾಜಪೇಟೆಯಲ್ಲಿ ಕೂತು ನೋಡಿದವರಿಗೂ ಮಲ್ಲೇಶ್ವರದಲ್ಲಿ ಕೂತು ನೋಡಿದವರಿಗೂ ಕೆಲವು ರಾಷ್ಟ್ರೀಯ ಚಾನೆಲ್‌ಗಳು ಹೇಳಿದ್ದು ಒಂದೇ: ಕರಾಚಿ ಬಂದರು ಧ್ವಂಸ, ಇಸ್ಲಾಮಾಬಾದ್ ವಶ. ಎರಡೂ ನಡೆದಿರಲಿಲ್ಲ.

ಅದೇ ದಿನಗಳಲ್ಲಿ ಪೂಂಛ್‌ನಲ್ಲಿ ಪಾಕಿಸ್ತಾನದ ಶೆಲ್ ದಾಳಿಗೆ ಒಬ್ಬ ಮದರಸಾ ಶಿಕ್ಷಕರು ಬಲಿಯಾದರು. ಅವರು ಭಾರತದ ಪ್ರಜೆ. ಕೆಲವು ಚಾನೆಲ್‌ಗಳು ಅವರ ಫೋಟೋ ಹಾಕಿ "ಉಗ್ರ" ಎಂದವು. ಅದು ಸುಳ್ಳೆಂದು ಪೂಂಛ್ ಪೊಲೀಸರೇ ಹೇಳಬೇಕಾಯಿತು. ಶೆಲ್ ಅವರ ಪ್ರಾಣ ತೆಗೆಯಿತು, ಪರದೆ ಅವರ ಹೆಸರನ್ನೂ ತೆಗೆಯಿತು. ನಮ್ಮ ಬೀದಿಯಲ್ಲಿ, ಈದ್ಗಾ ಮೈದಾನದ ಸುತ್ತಮುತ್ತ ಬದುಕುವ ಮುಸ್ಲಿಂ ನೆರೆಯವರನ್ನು ಅದರ ಮರುದಿನ ನಾವು ಯಾವ ಕಣ್ಣಿಂದ ನೋಡುತ್ತೇವೆ ಎಂಬುದು ಇಲ್ಲೇ ನಿರ್ಧಾರವಾಗುತ್ತದೆ.

ಮೇ 10ರ ಸಂಜೆ ಕದನ ವಿರಾಮ ಪ್ರಕಟವಾಯಿತು. ಅದನ್ನು ಪ್ರಕಟಿಸಿದ ವಿದೇಶಾಂಗ ಕಾರ್ಯದರ್ಶಿ ವಿಕ್ರಮ್ ಮಿಸ್ರಿ ಅವರನ್ನೂ ಅವರ ಕುಟುಂಬವನ್ನೂ ಜಾಲತಾಣಗಳಲ್ಲಿ ಬಾಯಿಗೆ ಬಂದಂತೆ ಬೈದರು. ಇಸ್ಲಾಮಾಬಾದ್ ಕೈಗೆ ಬಂದಿದೆ ಎಂದು ನಂಬಿದವರಿಗೆ ಶಾಂತಿಯೇ ದ್ರೋಹದಂತೆ ಕಾಣುವುದರಲ್ಲಿ ಆಶ್ಚರ್ಯವೇನು?

*ಟಿವಿಗೆ ನಿಜಕ್ಕೂ ಅಷ್ಟು ಶಕ್ತಿ ಇದೆಯೇ?*

ಇರಾಕ್ ಯುದ್ಧದ ನಂತರ, 2003ರಲ್ಲಿ, ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದ ಸಂಶೋಧಕರು ಜನರನ್ನು ಮೂರು ವಿಷಯ ಕೇಳಿದರು. ಇರಾಕ್‌ನಲ್ಲಿ ಸಮೂಹನಾಶಕ ಅಸ್ತ್ರ ಸಿಕ್ಕವೇ? ಅಲ್ ಖೈದಾ ಜೊತೆಗಿನ ನಂಟಿಗೆ ಪುರಾವೆ ಸಿಕ್ಕಿತೇ? ಜಗತ್ತಿನ ಜನ ಈ ಯುದ್ಧದ ಪರವೇ? ಮೂರಕ್ಕೂ "ಹೌದು" ಎಂಬುದು ತಪ್ಪು ಉತ್ತರ. ಯುದ್ಧದ ಪರ ನಿಂತಿದ್ದ ಫಾಕ್ಸ್ ಚಾನೆಲ್ ನೋಡುವವರಲ್ಲಿ ಶೇ. 80 ಜನ ಕನಿಷ್ಠ ಒಂದು ತಪ್ಪನ್ನಾದರೂ ನಂಬಿದ್ದರು. ಸಾರ್ವಜನಿಕ ಪ್ರಸಾರ ಸಂಸ್ಥೆಗಳನ್ನು ನೆಚ್ಚಿದವರಲ್ಲಿ ಇದು ಶೇ. 23 ಮಾತ್ರ. ಒಂದು ತಪ್ಪನ್ನೂ ನಂಬದವರಲ್ಲಿ ಶೇ. 23 ಜನ ಯುದ್ಧ ಬೆಂಬಲಿಸಿದರೆ, ಮೂರನ್ನೂ ನಂಬಿದವರಲ್ಲಿ ಶೇ. 86 ಜನ ಬೆಂಬಲಿಸಿದರು.

ಮೊದಲೇ ಯುದ್ಧ ಬೇಕೆಂದವರು ತಮಗೊಪ್ಪುವ ಚಾನೆಲ್ ಹಾಕಿಕೊಂಡಿರಬಹುದಲ್ಲವೇ ಎಂದು ಕೇಳಬಹುದು. ಒಳ್ಳೆಯ ಪ್ರಶ್ನೆ. 2020ರಲ್ಲಿ ಬ್ರೂಕ್‌ಮನ್ ಮತ್ತು ಕಾಲಾ ಎಂಬ ಇಬ್ಬರು ಸಂಶೋಧಕರು ಫಾಕ್ಸ್ ನೋಡುಗರಿಗೆ ಗಂಟೆಗೆ 15 ಡಾಲರ್ ಕೊಟ್ಟು ಒಂದು ತಿಂಗಳು ಸಿಎನ್‌ಎನ್ ನೋಡಿಸಿದರು. ಅದು ಯುದ್ಧದ ಕುರಿತ ಅಧ್ಯಯನವಲ್ಲ. ಆದರೂ ಅವರ ತಿಳಿವಳಿಕೆ ಬದಲಾಯಿತು, ಕೆಲವು ಅಭಿಪ್ರಾಯಗಳೂ ಬದಲಾದವು. ಹಣ ನಿಂತ ಮೇಲೆ ಹಳೆಯ ಚಾನೆಲ್‌ಗೇ ಮರಳಿದರು, ಆ ಬದಲಾವಣೆಯೂ ಬಹುಪಾಲು ಅಳಿಸಿಹೋಯಿತು. ಅಂದರೆ ಎರಡೂ ನಿಜ: ಮನಸ್ಸು ಚಾನೆಲನ್ನು ಆರಿಸುತ್ತದೆ, ಚಾನೆಲ್ ಮನಸ್ಸನ್ನು ತಿದ್ದುತ್ತದೆ.

ಮಧುಪಿಂಡಿಕ ಸುತ್ತದಲ್ಲಿ ಇದರ ಒಳದಾರಿ ಕಾಣುತ್ತದೆ. ಕಣ್ಣು, ಕಿವಿಗೆ ವಿಷಯ ತಾಗಿದರೆ ವೇದನೆ, ವೇದನೆಯಿಂದ ಗ್ರಹಿಕೆ, ಗ್ರಹಿಕೆಯಿಂದ ಯೋಚನೆ, ಯೋಚನೆಯಿಂದ ಕೊನೆಯಿಲ್ಲದ ಹೆಣಿಗೆ, ಆ ಹೆಣಿಗೆಯಿಂದ ಜಗಳ. ಸುದ್ದಿಗಿಂತ ಮೊದಲು ಸೈರನ್ ಕೂಗಿಸುವುದು ಯಾಕೆ? ವೇದನೆ ಮೊದಲು ಹುಟ್ಟಲಿ ಎಂದು. ಕೊನೆಗೆ ಮೇ 10ರಂದು, ಕಾರ್ಯಕ್ರಮಗಳಲ್ಲಿ ಸೈರನ್ ಸದ್ದು ಬಳಸಬೇಡಿ ಎಂದು ಸರ್ಕಾರದ ನಾಗರಿಕ ರಕ್ಷಣಾ ಇಲಾಖೆಯೇ ಚಾನೆಲ್‌ಗಳಿಗೆ ಹೇಳಬೇಕಾಯಿತು.

*ಬಾಬಾಸಾಹೇಬರು ತೋರಿಸಿದ ಸಿದ್ಧಾರ್ಥ*

'ಬುದ್ಧ ಮತ್ತು ಅವನ ಧಮ್ಮ' ಗ್ರಂಥದಲ್ಲಿ ಸಿದ್ಧಾರ್ಥ ಗೃಹತ್ಯಾಗ ಮಾಡಿದ್ದು ಮುದುಕ, ರೋಗಿ, ಹೆಣ ಕಂಡು ಅಲ್ಲ. ರೋಹಿಣಿ ನದಿಯ ನೀರಿಗಾಗಿ ಕೋಲಿಯರ ಮೇಲೆ ಯುದ್ಧ ಸಾರಲು ಶಾಕ್ಯ ಸಂಘ ಸಭೆ ಸೇರಿತು. ಸೇನಾಪತಿ ಯುದ್ಧದ ನಿರ್ಣಯ ಮಂಡಿಸಿದ. ಸಿದ್ಧಾರ್ಥ ಎದ್ದು ನಿಂತು, ತಪ್ಪು ಯಾರದೆಂದು ಮೊದಲು ಸರಿಯಾಗಿ ವಿಚಾರಣೆ ಆಗಲಿ, ನಮ್ಮವರದೂ ತಪ್ಪಿದೆ ಎಂದು ಕೇಳಿದ್ದೇನೆ ಎಂದ. ನಮ್ಮವರು ಇಬ್ಬರು, ಅವರವರು ಇಬ್ಬರು, ಆ ನಾಲ್ವರು ಸೇರಿ ಐದನೆಯವರನ್ನು ಆರಿಸಿ ವ್ಯಾಜ್ಯ ತೀರಿಸಲಿ ಎಂದ. ಬಹುಮತ ಒಪ್ಪಲಿಲ್ಲ. ಸೈನ್ಯ ಸೇರಲು ಒಲ್ಲೆ ಎಂದಾಗ ಕುಟುಂಬಕ್ಕೆ ಸಾಮಾಜಿಕ ಬಹಿಷ್ಕಾರ, ಜಮೀನು ಮುಟ್ಟುಗೋಲು ಎಂಬ ಬೆದರಿಕೆ ಬಂತು. ಬಹಿಷ್ಕಾರ ಎಂದರೇನೆಂದು ನಮಗೆ ಯಾರೂ ವಿವರಿಸಬೇಕಿಲ್ಲ.

ಆತ "ನಮ್ಮವರು" ಎಂಬ ಮಾತನ್ನು ಬಿಡಲಿಲ್ಲ. ಆದರೆ *ಕೈ ಎತ್ತುವ ಮೊದಲು ವಿಚಾರಿಸಿದ.* ಪಕ್ಷ ಹಿಡಿದ ಟಿವಿ ನಮ್ಮಿಂದ ಕಸಿಯುವುದು ಈ ವಿಚಾರಣೆಯ ಹೊತ್ತನ್ನೇ. ವಿಚಾರಿಸಿದ ಮೇಲೂ ಒಬ್ಬರಿಗೆ ಸೇನಾ ಕ್ರಮ ಸರಿ ಎನಿಸಬಹುದು, ಇನ್ನೊಬ್ಬರಿಗೆ ಬೇಡ ಎನಿಸಬಹುದು. ಆಗ ಅದು ಅವರವರ ಸ್ವಂತ ಅಭಿಪ್ರಾಯ.

ಪತ್ರಿಕೆಗಳು ವ್ಯಾಪಾರವಾಗಿವೆ ಎಂದು ಬಾಬಾಸಾಹೇಬರು 1943ರಲ್ಲೇ, ಪುಣೆಯ ರಾನಡೆ ಭಾಷಣದಲ್ಲಿ ಎಚ್ಚರಿಸಿದ್ದರು. 1920ರಲ್ಲಿ 'ಮೂಕನಾಯಕ' ಶುರು ಮಾಡಿದವರ ಮಾತದು.

*ಇಂದಿನ ಅಭ್ಯಾಸ* 🌼

1. ಯುದ್ಧದ ಸುದ್ದಿ ಬಂದಾಗ ಮೊದಲು ಟಿವಿಯ ಸದ್ದು ಮ್ಯೂಟ್ ಮಾಡಿ. ಸದ್ದಿಲ್ಲದೆ ಉಳಿಯುವ ಮಾಹಿತಿ ಎಷ್ಟು, ನೋಡಿ.
2. ಇದನ್ನು ಹೇಳಿದವರು ಯಾರು? ಸೇನೆಯೋ, ಸರ್ಕಾರವೋ, ಬರೀ "ಮೂಲಗಳು" ಎಂಬ ಪದವೋ?
3. ಒಂದು ರಾತ್ರಿ ಕಳೆಯಲಿ. ಅಲ್ಲಿಯವರೆಗೆ ಫಾರ್ವರ್ಡ್ ಬೇಡ. ಖಚಿತವಿಲ್ಲದ್ದನ್ನು ಖಚಿತವೆಂದು ಹಂಚುವುದೂ ನಾಲ್ಕನೆಯ ಶೀಲಕ್ಕೆ ಭಂಗವೇ.

ಈ ಸಂದೇಶವೂ ಒಂದು ಫಾರ್ವರ್ಡ್. ಕಾಲಾಮರಿಗೆ ಬುದ್ಧರು ಹೇಳಿದಂತೆ ಇದನ್ನೂ ಪರೀಕ್ಷಿಸಿಯೇ ಒಪ್ಪಿ.

ಭವತು ಸಬ್ಬ ಮಂಗಲಂ
ಸಾಧು ಸಾಧು ಸಾಧು 🙏