ಹೆಡ್‌ಫೋನ್‌ನಲ್ಲಿ ಸದ್ದೇ ಬರುತ್ತಿಲ್ಲವೇ? ಹೊಸದು ಕೊಳ್ಳುವ ಮೊದಲು ಹೀಗೆ ಮಾಡಿ

ಹೆಡ್‌ಫೋನ್ ಹಾಕಿಕೊಂಡು ಹಾಡು ಹಚ್ಚಿದ್ದೀರಿ, ಏನೂ ಕೇಳಿಸುತ್ತಿಲ್ಲ. ಭಯಪಡಬೇಡಿ. ಹೆಡ್‌ಫೋನ್ ಕೆಟ್ಟೇ ಹೋಯಿತು ಅಂತ ಈಗಲೇ ತೀರ್ಮಾನಿಸಲೂ ಬೇಡಿ. ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ಮಾಡುತ್ತಾ ಹೋಗಿ. ಪ್ರತಿ ಹಂತ ಮುಗಿದ ಮೇಲೂ ಹಾಡು ಹಾಕಿ ನೋಡಿ, ಸದ್ದು ಬಂತೋ, ಅಲ್ಲಿಗೇ ನಿಲ್ಲಿಸಿ.

1. ವಾಲ್ಯೂಮ್ ಏರಿಸಿ. ಹಾಡು ಓಡುತ್ತಿರುವಾಗಲೇ ಬಟನ್ ಒತ್ತಬೇಕು. ಕೆಲವು ಫೋನ್‌ಗಳಲ್ಲಿ ಹಾಡು ನಿಂತಿದ್ದಾಗ ಒತ್ತಿದರೆ ರಿಂಗ್‌ಟೋನ್ ಸದ್ದು ಏರುತ್ತದೆ, ಹಾಡಿನದು ಅಲ್ಲೇ ಇರುತ್ತದೆ. ವೈರಿನ ಮೇಲೆ ಬೇರೆ ಬಟನ್ ಇದ್ದರೆ ಅದನ್ನೂ ಏರಿಸಿ. ಎಚ್ಚರ: ಈ ಹೊತ್ತಿಗೆ ಹೆಡ್‌ಫೋನ್ ಕಿವಿಯಲ್ಲಿ ಇರಬಾರದು.

2. ಇದೇ ಹೆಡ್‌ಫೋನನ್ನು ಬೇರೆ ಫೋನಿಗೆ ಹಾಕಿ. ಬಹಳ ಜನ ಬಿಟ್ಟುಬಿಡುವ ಹಂತ ಇದು, ಆದರೆ ಅರ್ಧ ಕೆಲಸ ಇಲ್ಲೇ ಮುಗಿಯುತ್ತದೆ. ಅಲ್ಲಿ ಸದ್ದು ಬಂದರೆ ಹೆಡ್‌ಫೋನ್ ಚೆನ್ನಾಗಿದೆ, ತೊಂದರೆ ನಿಮ್ಮ ಫೋನಿನಲ್ಲೋ ಕಂಪ್ಯೂಟರಿನಲ್ಲೋ ಇದೆ. ಮುಂದಿನ ಹಂತಕ್ಕೆ ಬನ್ನಿ. ಅಲ್ಲೂ ಬರದಿದ್ದರೆ ನೇರ 9ಕ್ಕೆ ಹೋಗಿ. ಬ್ಲೂಟೂತ್‌ನವರು 7ಕ್ಕೆ.

3. ಪಿನ್ ಅನ್ನು ‘ಟಕ್’ ಎನ್ನುವವರೆಗೆ ಒತ್ತಿ. ದಪ್ಪ ಬ್ಯಾಕ್ ಕವರ್ ಅಡ್ಡ ಬರುತ್ತಿದ್ದರೆ ಅದನ್ನು ಬಿಚ್ಚಿ. ಡೆಸ್ಕ್‌ಟಾಪ್ ಆದರೆ ಸಾಮಾನ್ಯವಾಗಿ ಹಸಿರು ತೂತು ಹೆಡ್‌ಫೋನಿಗೆ, ಗುಲಾಬಿ ಬಣ್ಣದ್ದು ಮೈಕಿಗೆ.

ಪಿನ್ ಸರಿಯಾಗಿ ಕೂತಿಲ್ಲ ಅನ್ನಲು ಒಂದು ತಮಾಷೆಯ ಗುರುತಿದೆ. ವಯೊಲಿನ್, ಕೊಳಲು ಎಲ್ಲೋ ದೂರದಿಂದ ಕೇಳಿಸುತ್ತವೆ, ಎಸ್‌ಪಿಬಿಯವರ ದನಿ ಮಾತ್ರ ಮಾಯ! ಪಿನ್ನನ್ನು ಹತ್ತಿರದಿಂದ ನೋಡಿ. ಸಣ್ಣ ಉಂಗುರಗಳು ಅದನ್ನು ಮೂರೋ ನಾಲ್ಕೋ ತುಂಡಾಗಿ ಭಾಗ ಮಾಡಿವೆ. ತುದಿ ಎಡಕಿವಿಗೆ, ಅದರ ಹಿಂದಿನದು ಬಲಕಿವಿಗೆ, ಇನ್ನೊಂದು ಎರಡಕ್ಕೂ ಸೇರಿದ ಗ್ರೌಂಡ್. ಮೈಕ್ ಇದ್ದರೆ ಅದಕ್ಕೂ ಒಂದು. ಗ್ರೌಂಡ್ ತಾಗದಿದ್ದರೆ ಎಡ–ಬಲದ ನಡುವಿನ ವ್ಯತ್ಯಾಸವಷ್ಟೇ ಕಿವಿಗೆ ಬೀಳುತ್ತದೆ. ಗಾಯಕರ ದನಿ ಸಾಮಾನ್ಯವಾಗಿ ಎರಡೂ ಕಡೆ ಸಮನಾಗಿ ಇರುವುದರಿಂದ ಅದು ಅಳಿಸಿಹೋಗುತ್ತದೆ. ಹಳೆಯ ಮೋನೋ ಹಾಡಾದರೆ ಬಹುಮಟ್ಟಿಗೆ ಪೂರ್ತಿ ನಿಶ್ಶಬ್ದ. ಹಾಗಾಗಿ ಪರೀಕ್ಷೆಗೆ ಹೊಸ ಹಾಡನ್ನೇ ಹಾಕಿ.

4. ತೂತನ್ನು ಸ್ವಚ್ಛ ಮಾಡಿ. ಫೋನ್ ಆಫ್ ಮಾಡಿ, ಟಾರ್ಚ್ ಬಿಟ್ಟು ಒಳಗೆ ನೋಡಿ. ಜೇಬಿನ ನೂಲು, ಧೂಳು ತಳದಲ್ಲಿ ಗಟ್ಟಿಯಾಗಿ ಕೂತಿದ್ದರೆ ಪಿನ್ ಪೂರ್ತಿ ಇಳಿಯುವುದಿಲ್ಲ. ಮರದ ಟೂತ್‌ಪಿಕ್‌ನಿಂದ ಮೆಲ್ಲಗೆ ಕೆದಕಿ ತೆಗೆಯಿರಿ. ಸೂಜಿ, ಸೇಫ್ಟಿ ಪಿನ್ ಬೇಡವೇ ಬೇಡ. ಬಾಯಲ್ಲಿ ಊದಲೂ ಬೇಡಿ, ಉಸಿರಿನ ತೇವ ಒಳಗೆ ಸೇರುತ್ತದೆ.

5. ಟೈಪ್-ಸಿ ಕನೆಕ್ಟರ್ ಬದಲಿಸಿ ನೋಡಿ. ದುಂಡು ತೂತಿಲ್ಲದ ಫೋನ್‌ನವರಿಗೆ ಮಾತ್ರ ಈ ಹಂತ. ನೋಡಲು ಒಂದೇ ಥರ ಇದ್ದರೂ ಕನೆಕ್ಟರ್‌ಗಳಲ್ಲಿ ಎರಡು ಬಗೆ. ಒಂದರೊಳಗೆ ಡಿಎಸಿ ಎಂಬ ಚಿಪ್ ಇರುತ್ತದೆ, ಇನ್ನೊಂದರಲ್ಲಿ ಬರೀ ವೈರ್. ವೈರ್ ಮಾತ್ರ ಇರುವುದು ಎಲ್ಲ ಫೋನ್‌ಗಳಲ್ಲೂ ಕೆಲಸ ಮಾಡುವುದಿಲ್ಲ. ಅಂಗಡಿಯಲ್ಲಿ ‘ಡಿಎಸಿ ಇರೋದು ಕೊಡಿ’ ಅಂತಲೇ ಕೇಳಿ.

6. ಕಂಪ್ಯೂಟರಿನಲ್ಲಿ ಔಟ್‌ಪುಟ್ ಆರಿಸಿ. ವಿಂಡೋಸ್ 11ರಲ್ಲಿ ಕೆಳಗೆ ಬಲತುದಿಯ ಸ್ಪೀಕರ್ ಗುರುತಿನ ಮೇಲೆ ರೈಟ್ ಕ್ಲಿಕ್ ಮಾಡಿ, ‘ಸೌಂಡ್ ಸೆಟ್ಟಿಂಗ್ಸ್’ ತೆರೆಯಿರಿ. ‘ಔಟ್‌ಪುಟ್’ ಅಡಿಯಲ್ಲಿ ನಿಮ್ಮ ಹೆಡ್‌ಫೋನ್ ಹೆಸರು ಒತ್ತಿ. ಯೂಟ್ಯೂಬ್ ಕೇಳಿಸಿ ಝೂಮ್ ಮಾತ್ರ ಕೇಳಿಸದಿದ್ದರೆ ತಪ್ಪು ಝೂಮ್‌ನ ಒಳಗಿದೆ. ಅದಕ್ಕೆ ತನ್ನದೇ ಸ್ಪೀಕರ್ ಆಯ್ಕೆ ಇದೆ.

7. ಬ್ಲೂಟೂತ್ ಜೋಡಣೆ ಅಳಿಸಿ, ಮತ್ತೆ ಜೋಡಿಸಿ. ಮೊದಲು ಚಾರ್ಜ್ ನೋಡಿ, ಆಮೇಲೆ ಮನೆಯ ಟಿವಿ, ಲ್ಯಾಪ್‌ಟಾಪ್‌ಗಳಲ್ಲಿ ಬ್ಲೂಟೂತ್ ಆಫ್ ಮಾಡಿ. ಹೆಡ್‌ಫೋನ್ ಅವುಗಳಲ್ಲೊಂದಕ್ಕೆ ಅಂಟಿಕೊಂಡಿರಬಹುದು. ಕರೆ ಕೇಳಿಸುತ್ತೆ, ಹಾಡು ಮಾತ್ರ ಇಲ್ಲ ಅನ್ನುವವರು ಆಂಡ್ರಾಯ್ಡ್‌ನ ಬ್ಲೂಟೂತ್ ಪಟ್ಟಿಯಲ್ಲಿ ಹೆಡ್‌ಫೋನ್ ಹೆಸರಿನ ಪಕ್ಕದ ಗುರುತು ಒತ್ತಿ, ‘ಮೀಡಿಯಾ ಆಡಿಯೋ’ ಆನ್ ಇದೆಯೇ ನೋಡಿ.

8. ಒಂದೇ ಕಿವಿಗೆ ಕೇಳಿಸಿದರೆ ಬ್ಯಾಲೆನ್ಸ್ ಸರಿಪಡಿಸಿ. ಸೆಟ್ಟಿಂಗ್ಸ್‌ನ ‘ಆ್ಯಕ್ಸೆಸಿಬಿಲಿಟಿ’ಯಲ್ಲಿ ಎಡ–ಬಲದ ಪಟ್ಟಿಯನ್ನು ನಡುವಿಗೆ ತನ್ನಿ.

9. ವೈರನ್ನು ಬಗ್ಗಿಸಿ ನೋಡಿ. ಹಾಡು ಹಾಕಿ, ಪಿನ್ನಿನ ಬುಡದಲ್ಲಿ ವೈರನ್ನು ಮೆಲ್ಲಗೆ ಆಚೀಚೆ ಬಾಗಿಸಿ. ಆಮೇಲೆ ವೈರ್ ಎರಡಾಗಿ ಕವಲೊಡೆಯುವ ಕಡೆ. ‘ಚರಚರ’ ಅಂದರೆ, ಅಥವಾ ಸದ್ದು ಬಂದು ಹೋದರೆ, ತುಂಡಾಗಿರುವುದು ಅಲ್ಲೇ. ವೈರ್ ಬಿಚ್ಚಿ ಹಾಕುವಂಥ ಹೆಡ್‌ಫೋನ್ ಆದರೆ ಹೊಸ ವೈರ್ ಸಾಕು. ಇಲ್ಲದಿದ್ದರೆ ರಿಪೇರಿ ಅಂಗಡಿಯಲ್ಲಿ ಪಿನ್ ಕತ್ತರಿಸಿ ಹೊಸ 3.5 ಎಂಎಂ ಪಿನ್ ಬೆಸುಗೆ ಹಾಕಿಕೊಡುತ್ತಾರೆ. ಅಗ್ಗದ ಇಯರ್‌ಫೋನಿಗೆ ಇದು ದಂಡ, ಒಳ್ಳೆಯ ಹೆಡ್‌ಫೋನಿಗೆ ಖಂಡಿತ ಮಾಡಿಸಬಹುದು. ಮೈಕ್ ಇದ್ದರೆ ನಾಲ್ಕು ಭಾಗದ ಪಿನ್ನನ್ನೇ ಹಾಕಿಸಿ, ದುಡ್ಡು ಕೊಡುವ ಮೊದಲು ನಿಮ್ಮ ಫೋನಿಗೇ ಚುಚ್ಚಿ ಎರಡೂ ಕಿವಿ, ಮೈಕ್ ಪರೀಕ್ಷಿಸಿ.