ಜಾವಾ ಪುಟಗಳು ದಾರಿ ತಪ್ಪುವುದೇಕೆ?

ನಮ್ಮ ಮನೆ ಲಿಂಗರಾಜಪುರದಲ್ಲಿ. ಯಾರು ದಾರಿ ಕೇಳಿದರೂ ಅಬ್ಬಾ, "ಫ್ಲೈಓವರ್ ಇಳಿದು ಎಡಕ್ಕೆ ಬನ್ನಿ" ಎನ್ನುತ್ತಾರೆ. ಫ್ರೇಜರ್ ಟೌನ್ ಕಡೆಯಿಂದ ಬರುವವರಿಗೆ ಅದು ಸರಿ. ಹೆಣ್ಣೂರು ಕಡೆಯಿಂದ ಬಂದವರು ಅದನ್ನೇ ನಂಬಿ ಬೇರೆ ಬೀದಿಗೆ ಹೋಗಿ ಫೋನ್ ಮಾಡುತ್ತಾರೆ. ನನ್ನ ಜಾವಾ ಪುಟಕ್ಕೂ ಹೀಗೇ ಆಯಿತು.

ಅಬ್ಬಾರ ಅಂಗಡಿಯ ಉದ್ರಿ ಲೆಕ್ಕಕ್ಕೆಂದು "ಖಾತಾ" ಎಂಬ ಸಣ್ಣ ಅಪ್ಲಿಕೇಶನ್ ಬರೆದಿದ್ದೆ. ಬಿ.ಸಿ.ಎ. ಓದುವ ಭಾಯಿ ಟಾಮ್‌ಕ್ಯಾಟ್ ಸರ್ವರ್ ಹಾಕಿಕೊಟ್ಟಿದ್ದರು. ಜೆಎಸ್‌ಪಿ ಪುಟವನ್ನು ನೇರವಾಗಿ ತೆರೆದು ನೋಡಿದಾಗ ಎಲ್ಲ ಚೆನ್ನಾಗಿತ್ತು. ಆದರೆ ಅಬ್ಬಾ ಸರ್ವ್‌ಲೆಟ್ ಮೂಲಕ ಪಟ್ಟಿ ತೆರೆದು, ಹದಿನಾಲ್ಕು ಗ್ರಾಹಕರ ಬಾಕಿ ತುಂಬಿ "ಉಳಿಸಿ" ಒತ್ತಿದರೆ ಬಂದದ್ದು 404. "ನನ್ನ ಕೆಂಪು ಪುಸ್ತಕವೇ ಸಾಕು ಬೇಟಾ" ಎಂದು ಎದ್ದುಹೋದರು.

ಎಫ್12 ಒತ್ತಿ ನೆಟ್‌ವರ್ಕ್ ಪಟ್ಟಿ ನೋಡಿದಾಗ ಕಾರಣ ಸಿಕ್ಕಿತು. ಪುಟ ಇದ್ದದ್ದು "/ಖಾತಾ/ಪೇಜಸ್/ಲಿಸ್ಟ್.ಜೆಎಸ್‌ಪಿ"ಯಲ್ಲಿ. ಅದರೊಳಗೆ ನಾನು ಬರೆದ ದಾರಿ "../ಸೇವ್", ಅಂದರೆ ಒಂದು ಮೆಟ್ಟಿಲು ಮೇಲೆ. ಸರ್ವ್‌ಲೆಟ್‌ನ ವಿಳಾಸ "/ಖಾತಾ/ಲಿಸ್ಟ್". ಅದು ಒಳಗಿಂದೊಳಗೇ ಜೆಎಸ್‌ಪಿಗೆ ಫಾರ್ವರ್ಡ್ ಮಾಡುತ್ತದೆ, ಬ್ರೌಸರ್‌ಗೆ ಗೊತ್ತೇ ಆಗುವುದಿಲ್ಲ. ಬ್ರೌಸರ್ ತನ್ನ ವಿಳಾಸಪಟ್ಟಿಯಲ್ಲಿರುವ ಜಾಗದಿಂದಲೇ ಮೆಟ್ಟಿಲು ಎಣಿಸುತ್ತದೆ. ಹಾಗಾಗಿ "ಖಾತಾ"ದಿಂದಲೇ ಹೊರಬಿದ್ದು ಬರೀ "/ಸೇವ್" ಕೇಳಿತು.

ಮೊದಲಲ್ಲೇ ಸ್ಲ್ಯಾಶ್ ಹಾಕಿ "/ಸೇವ್" ಎಂದು ಬರೆದೆ. ಮತ್ತೆ 404! ನನಗೆ ಹೆಚ್ಚು ಹೊತ್ತು ಹಿಡಿದದ್ದು ಇಲ್ಲೇ. ಫಾರ್ವರ್ಡ್ ಮಾಡುವ ಸಾಲಿನಲ್ಲಿ ಮೊದಲ ಸ್ಲ್ಯಾಶ್ ಎಂದರೆ ನಮ್ಮ ಅಪ್ಲಿಕೇಶನ್‌ನ ಬಾಗಿಲು. ಬ್ರೌಸರ್‌ಗೆ ಹೋಗುವ ಲಿಂಕ್, ಫಾರ್ಮ್‌ಗಳಲ್ಲಿ ಅದೇ ಸ್ಲ್ಯಾಶ್ ಎಂದರೆ ಇಡೀ ಸರ್ವರ್‌ನ ಬಾಗಿಲು. ಸೆಂಡ್‌ರೀಡೈರೆಕ್ಟ್‌ನಲ್ಲೂ ಎರಡನೆಯ ಅರ್ಥವೇ. ಒಂದೇ ಗುರುತಿಗೆ ಎರಡು ಅರ್ಥ ಇಟ್ಟವರ ಮೇಲೆ ನನಗೆ ಇನ್ನೂ ಸ್ವಲ್ಪ ಸಿಟ್ಟಿದೆ.

ಪರಿಹಾರ ಸಣ್ಣದು. ರಿಕ್ವೆಸ್ಟ್‌ನಿಂದ ಕಾಂಟೆಕ್ಸ್ಟ್ ಪಾತ್ ಪಡೆದು ಬ್ರೌಸರ್‌ಗೆ ಹೋಗುವ ಪ್ರತಿ ದಾರಿಯ ಮುಂದೆ ಸೇರಿಸಬೇಕು. "/ಖಾತಾ" ಎಂದು ಕೈಯಿಂದ ಬರೆಯಬಾರದು, ನಾಳೆ ಹೆಸರು ಬದಲಾದರೆ ಮತ್ತೆ ಕೆಡುತ್ತದೆ.

ಪರೀಕ್ಷಿಸುವಾಗ ಇನ್ನೊಂದು ಮೋಸವಿದೆ. ಅಪ್ಲಿಕೇಶನ್ ಅನ್ನು ರೂಟ್ ಎಂಬ ಹೆಸರಿನಲ್ಲಿ ಹಾಕಿದರೆ ಕಾಂಟೆಕ್ಸ್ಟ್ ಪಾತ್ ಖಾಲಿ, ಆಗ ಬರೀ "/ಸೇವ್" ಕೂಡ ಪಾಸಾಗುತ್ತದೆ. ತಾಳೆಪಟ್ಟಿ ಕೂಡಿಬಂದರೂ ತಪ್ಪು ಉಳಿದಿರಬಹುದು ಎಂದು ಅಕೌಂಟೆನ್ಸಿಯಲ್ಲಿ ಓದಿದ್ದೇವಲ್ಲ, ಹಾಗೆ. ಆದ್ದರಿಂದ ನಾನೀಗ ವಾರ್ ಫೈಲ್‌ಗೆ ಬೇರೆ ಹೆಸರಿಟ್ಟು, ಸರ್ವ್‌ಲೆಟ್ ಮೂಲಕವೇ ತೆರೆದು, ಪ್ರತಿ ಬಟನ್ ಒತ್ತಿ ನೋಡುತ್ತೇನೆ.

ಶುಕ್ರವಾರ ಅಬ್ಬಾ ಮತ್ತೆ ಕುಳಿತರು. ಹದಿನಾಲ್ಕೂ ಹೆಸರು ಉಳಿದವು. ಕೆಂಪು ಪುಸ್ತಕ ಮಾತ್ರ ಇನ್ನೂ ಗಲ್ಲಾಪೆಟ್ಟಿಗೆಯ ಮೇಲೇ ಇದೆ.