ವಿಜ್ಞಾನಿಯ ಕಾರ್ಯಕ್ಕೆ ಅಳತೆಗೋಲು ಉಂಟೆ?

ಭೌತವಿಜ್ಞಾನದ ಮೊದಲ ಪಾಠವೇ ಅಳತೆಯ ಪಾಠ. ಉದ್ದ, ದ್ರವ್ಯರಾಶಿ, ಕಾಲ ಇವನ್ನು ಅಳೆಯಲು ಕಲಿತ ಬಳಿಕವೇ ನಾವು ಮುಂದಿನ ಪಾಠಗಳಿಗೆ ಹೋಗುತ್ತೇವೆ. ಅಳೆಯಬೇಕಾದುದು ಏನು, ಅದಕ್ಕೆ ತಕ್ಕ ಮಾನ ಯಾವುದು, ಅಳತೆಯಲ್ಲಿ ಸೇರಿಕೊಳ್ಳಬಹುದಾದ ದೋಷ ಎಷ್ಟು ಎಂಬ ಮೂರು ಪ್ರಶ್ನೆಗಳಿಗೆ ಉತ್ತರ ದೊರೆಯದೆ ಯಾವ ಅಳತೆಯೂ ಪೂರ್ಣವಾಗದು. ಹೀಗೆ ಸೃಷ್ಟಿಯನ್ನೆಲ್ಲ ಅಳೆಯಹೊರಟ ವಿಜ್ಞಾನಿಯ ಕಾರ್ಯವನ್ನೇ ಅಳೆಯಲು ಸಾಧ್ಯವೆ?

ಇದು ಬರಿಯ ಕುತೂಹಲದ ಪ್ರಶ್ನೆಯಲ್ಲ. ತರುಣ ಸಂಶೋಧಕನಿಗೆ ಕೆಲಸ ದೊರೆಯುವುದು, ಪ್ರಯೋಗಶಾಲೆಗೆ ಹಣ ಮಂಜೂರಾಗುವುದು, ಅಧ್ಯಾಪಕನಿಗೆ ಬಡ್ತಿ ಬರುವುದು, ಇವೆಲ್ಲವೂ ಇಂದು ಬಹುಮಟ್ಟಿಗೆ ಇಂಥ ಅಳತೆಗಳನ್ನು ಅವಲಂಬಿಸಿವೆ. ಇಂದು ಕಾಲೇಜಿನಲ್ಲಿ ಓದುತ್ತಿದ್ದು ನಾಳೆ ಸಂಶೋಧನೆಗೆ ಇಳಿಯಲಿರುವ ವಿದ್ಯಾರ್ಥಿಗಳು ಇವುಗಳ ಗುಣದೋಷಗಳನ್ನು ಈಗಲೇ ಅರಿತಿರುವುದು ಲೇಸು.

ಪ್ರಬಂಧಗಳ ಎಣಿಕೆ

ವಿಜ್ಞಾನಿಯು ತಾನು ಕಂಡುಕೊಂಡುದನ್ನು ಸಂಶೋಧನ ಪ್ರಬಂಧದ ರೂಪದಲ್ಲಿ ವಿಜ್ಞಾನ ಪತ್ರಿಕೆಗಳಲ್ಲಿ ಪ್ರಕಟಿಸುತ್ತಾನೆ. ಆದುದರಿಂದ ಅತ್ಯಂತ ಸರಳವಾದ ಅಳತೆಯೆಂದರೆ ಪ್ರಬಂಧಗಳ ಎಣಿಕೆ. 1926ರಲ್ಲಿ ಆಲ್‌ಫ್ರೆಡ್ ಲೋಟ್ಕಾ ಎಂಬಾತನು ರಸಾಯನ ಮತ್ತು ಭೌತವಿಜ್ಞಾನಿಗಳ ಪ್ರಕಟಣೆಗಳನ್ನು ಹೀಗೆ ಎಣಿಸಿ ಒಂದು ನಿಯಮವನ್ನು ಕಂಡುಕೊಂಡನು. ಒಂದೇ ಪ್ರಬಂಧವನ್ನು ಬರೆದವರು 100 ಮಂದಿ ಇದ್ದರೆ, ಎರಡನ್ನು ಬರೆದವರು ಸುಮಾರು 25 ಮಂದಿ. ಮೂರನ್ನು ಬರೆದವರು 11 ಮಂದಿ. ಹತ್ತನ್ನು ಬರೆದವನು ಒಬ್ಬನೇ. ದೀಪದಿಂದ ದೂರ ಸರಿದಂತೆಲ್ಲ ಬೆಳಕು ಕುಗ್ಗುವ ವಿಲೋಮ ವರ್ಗ ನಿಯಮವನ್ನು ಓದಿದವರಿಗೆ ಈ ಸಂಖ್ಯೆಗಳ ಕ್ರಮ ಪರಿಚಿತವಾಗಿಯೇ ಕಾಣುವುದು. ಬಹು ಮಂದಿ ಸ್ವಲ್ಪವನ್ನೂ ಕೆಲವೇ ಮಂದಿ ಬಹಳವನ್ನೂ ಬರೆಯುತ್ತಾರೆಂಬುದು ಇದರ ತಾತ್ಪರ್ಯ.

ಆದರೆ ಬರೆದುದರ ಪ್ರಮಾಣ ಬೇರೆ, ಬೆಲೆ ಬೇರೆ. ಕಣದಲ್ಲಿ ಹೊಟ್ಟಿನ ರಾಶಿಯೂ ಕಾಳಿನ ರಾಶಿಯೂ ಎತ್ತರದಲ್ಲಿ ಸಮವಾಗಿರಬಹುದು. ತೂರಿ ನೋಡುವುದಕ್ಕೆ ಮತ್ತೊಂದು ಸಾಧನ ಬೇಕು.

ಉಲ್ಲೇಖಗಳ ಎಣಿಕೆ

ಆ ಸಾಧನವೇ ಉಲ್ಲೇಖ. ಪ್ರತಿಯೊಂದು ಪ್ರಬಂಧದ ಕೊನೆಯಲ್ಲಿಯೂ ತಾನು ಯಾವ ಯಾವ ಹಿಂದಿನ ಪ್ರಬಂಧಗಳಿಗೆ ಋಣಿಯೆಂಬುದನ್ನು ಲೇಖಕನು ಪಟ್ಟಿಮಾಡಿರುತ್ತಾನೆ. ಈ ಪಟ್ಟಿಯು ಓದುಗನನ್ನು ಹಿಂದಿನ ಕಾಲಕ್ಕೆ ಒಯ್ಯುತ್ತದೆ. ಇದನ್ನೇ ತಿರುಗಿಸಿ, ಒಂದು ಪ್ರಬಂಧವನ್ನು ಅನಂತರ ಬಂದವರು ಯಾರು ಯಾರು ಉಲ್ಲೇಖಿಸಿದ್ದಾರೆಂದು ತೋರಿಸುವ ಸೂಚಿಯನ್ನು ಏಕೆ ಸಿದ್ಧಪಡಿಸಬಾರದು? ಅಮೆರಿಕದ ಯೂಜೀನ್ ಗಾರ್‌ಫೀಲ್ಡ್ 1955ರಲ್ಲಿ ಈ ಪ್ರಶ್ನೆಯನ್ನೆತ್ತಿದರು. ಹಳೆಯ ತೀರ್ಪುಗಳನ್ನು ಮುಂದಿನ ಯಾವ ತೀರ್ಪುಗಳು ಉದಾಹರಿಸಿವೆಯೆಂದು ತಿಳಿಸುವ ವಕೀಲರ ಸೂಚಿಯೊಂದು ಆ ದೇಶದಲ್ಲಿ ಬಳಕೆಯಲ್ಲಿತ್ತು. ಅದೇ ಅವರಿಗೆ ಮಾದರಿಯಾಯಿತು. 1960ರ ದಶಕದ ಆರಂಭದಲ್ಲಿ ಅವರ ‘ವಿಜ್ಞಾನ ಉಲ್ಲೇಖ ಸೂಚಿ’ ಹೊರಬಂದಿತು. ಸಂಬಂಧಪಟ್ಟ ಪ್ರಬಂಧಗಳನ್ನು ಹುಡುಕಲು ನೆರವಾಗಬೇಕೆಂಬುದೇ ಅದರ ಮುಖ್ಯ ಉದ್ದೇಶವಾಗಿತ್ತೆಂಬುದನ್ನು ವಾಚಕರು ನೆನಪಿಡಬೇಕು. ಹುಡುಕಲು ಹುಟ್ಟಿದ ಸಾಧನವು ತೂಗುವ ತಕ್ಕಡಿಯಾದುದು ತರುವಾಯದ ಕಥೆ.

ಗ್ರಂಥಗಳ ವಿಷಯಕ್ಕೆ ಗಣಿತವನ್ನು ಅನ್ವಯಿಸುವ ವಿಚಾರ ನಮ್ಮವರಿಗೂ ಹೊಸದಲ್ಲ. 1948ರಲ್ಲಿಯೇ ಎಸ್. ಆರ್. ರಂಗನಾಥನ್ ಅವರು ಗ್ರಂಥಾಲಯದ ಕಾರ್ಯಕ್ಕೆ ಸಂಖ್ಯಾಶಾಸ್ತ್ರವನ್ನು ಬಳಸುವ ಕ್ರಮಕ್ಕೆ ‘ಲೈಬ್ರಮೆಟ್ರಿ’ ಎಂಬ ಹೆಸರನ್ನು ಸೂಚಿಸಿದ್ದರು. 1962ರಲ್ಲಿ ಅವರು ಬೆಂಗಳೂರಿನಲ್ಲಿ ಆರಂಭಿಸಿದ ಪ್ರಲೇಖನ ಸಂಶೋಧನ ಮತ್ತು ಶಿಕ್ಷಣ ಕೇಂದ್ರವು ಇಂಥ ಅಧ್ಯಯನಕ್ಕೆ ನೆಲೆಯಾಯಿತು.

ಎಚ್-ಸೂಚ್ಯಂಕ

ಪ್ರಬಂಧಗಳ ಸಂಖ್ಯೆ, ಉಲ್ಲೇಖಗಳ ಸಂಖ್ಯೆ ಎರಡನ್ನೂ ಒಂದೇ ಅಂಕಿಯಲ್ಲಿ ಅಡಕಗೊಳಿಸುವ ಉಪಾಯವನ್ನು 2005ರಲ್ಲಿ ಸೂಚಿಸಿದವರು ಕ್ಯಾಲಿಫೋರ್ನಿಯದ ಭೌತವಿಜ್ಞಾನಿ ಹೋರ್ಹೆ ಹಿರ್ಷ್. ಲೆಕ್ಕ ಸುಲಭ. ವಿಜ್ಞಾನಿಯ ಪ್ರಬಂಧಗಳನ್ನು ಉಲ್ಲೇಖಗಳ ಇಳಿಕೆಯ ಕ್ರಮದಲ್ಲಿ ಬರೆದು, ಮೇಲಿನಿಂದ 1, 2, 3 ಎಂದು ಕ್ರಮಸಂಖ್ಯೆ ಕೊಡಬೇಕು. ಉಲ್ಲೇಖಗಳ ಸಂಖ್ಯೆಯು ಕ್ರಮಸಂಖ್ಯೆಗಿಂತ ಕಡಮೆಯಾಗದೆ ಇರುವ ಕೊನೆಯ ಸ್ಥಾನವೇ ಎಚ್-ಸೂಚ್ಯಂಕ.

ಉದಾಹರಣೆಗೆ, ‘ಅ’ ಎಂಬ ವಿಜ್ಞಾನಿಯ ಏಳು ಪ್ರಬಂಧಗಳಿಗೆ ಕ್ರಮವಾಗಿ 48, 21, 9, 6, 5, 3, 1 ಉಲ್ಲೇಖಗಳು ದೊರೆತಿವೆಯೆನ್ನೋಣ. ಐದನೆಯದಕ್ಕೆ 5 ಇವೆ. ಆರನೆಯದಕ್ಕೆ 3 ಮಾತ್ರ. ಆದುದರಿಂದ ಸೂಚ್ಯಂಕ 5. ಒಟ್ಟು ಉಲ್ಲೇಖಗಳು 93. ‘ಆ’ ಎಂಬ ಇನ್ನೊಬ್ಬನ ಮೂರು ಪ್ರಬಂಧಗಳಿಗೆ 310, 4, 2 ಉಲ್ಲೇಖಗಳಿವೆ, ಒಟ್ಟು 316. ಆದರೆ ಅವನ ಸೂಚ್ಯಂಕ ಕೇವಲ 2. ಒಟ್ಟು ಲೆಕ್ಕದಲ್ಲಿ ‘ಆ’ ದೊಡ್ಡವನು, ಸೂಚ್ಯಂಕದಲ್ಲಿ ‘ಅ’ ದೊಡ್ಡವನು! ಒಂದೇ ವಸ್ತುವಿಗೆ ಎರಡು ಮಾನಗಳು ಹೀಗೆ ತದ್ವಿರುದ್ಧವಾದ ಉತ್ತರ ಕೊಟ್ಟರೆ, ಅವು ಅಳೆಯುತ್ತಿರುವುದು ಒಂದೇ ಗುಣವನ್ನಲ್ಲವೆಂದು ಭೌತವಿಜ್ಞಾನದ ವಿದ್ಯಾರ್ಥಿ ಒಡನೆಯೇ ಹೇಳಬಲ್ಲನು. ಒಬ್ಬನ ಸೂಚ್ಯಂಕವು ಅವನ ಪ್ರಬಂಧಗಳ ಸಂಖ್ಯೆಯನ್ನು ಎಂದಿಗೂ ಮೀರಲಾರದೆಂಬುದನ್ನೂ ಗಮನಿಸಬೇಕು.

ಪತ್ರಿಕೆಗಳಿಗೂ ಒಂದು ಅಳತೆಯುಂಟು, ಅದಕ್ಕೆ ಪ್ರಭಾವಾಂಕವೆನ್ನಬಹುದು. ಪತ್ರಿಕೆಯೊಂದು ಹಿಂದಿನ ಎರಡು ವರ್ಷಗಳಲ್ಲಿ ಪ್ರಕಟಿಸಿದ ಪ್ರಬಂಧಗಳಿಗೆ ಈ ವರ್ಷ ದೊರೆತ ಉಲ್ಲೇಖಗಳನ್ನು ಆ ಪ್ರಬಂಧಗಳ ಸಂಖ್ಯೆಯಿಂದ ಭಾಗಿಸಿದರೆ ಇದು ಬರುತ್ತದೆ. ಇದು ಬರಿಯ ಸರಾಸರಿ. ತರಗತಿಯ ಸರಾಸರಿ ಅಂಕವನ್ನು ನೋಡಿ ಅದರಲ್ಲಿನ ಒಬ್ಬ ವಿದ್ಯಾರ್ಥಿಯ ಅಂಕವನ್ನು ಹೇಳಲಾಗದಷ್ಟೆ.

ಕ್ಷೇತ್ರದಿಂದ ಕ್ಷೇತ್ರಕ್ಕೂ ಉಲ್ಲೇಖದ ರೂಢಿ ಬೇರೆ. ಗಣಿತಜ್ಞರು ಮಿತವಾಗಿ ಉಲ್ಲೇಖಿಸುತ್ತಾರೆ. ಜೀವವಿಜ್ಞಾನಿಗಳು ಧಾರಾಳವಾಗಿ ಉಲ್ಲೇಖಿಸುತ್ತಾರೆ. ಆಲಿವರ್ ಲೌರಿ ಮತ್ತು ಸಂಗಡಿಗರು ದ್ರಾವಣದಲ್ಲಿನ ಪ್ರೋಟೀನಿನ ಪ್ರಮಾಣವನ್ನು ಅಳೆಯುವ ವಿಧಾನವನ್ನು ವಿವರಿಸಿ 1951ರಲ್ಲಿ ಬರೆದ ಪ್ರಬಂಧಕ್ಕೆ ಮೂರು ಲಕ್ಷಕ್ಕೂ ಮಿಕ್ಕಿ ಉಲ್ಲೇಖಗಳಿವೆ. ಅದು ಉಪಯುಕ್ತವಾದ ವಿಧಾನವೆಂಬುದರಲ್ಲಿ ಸಂದೇಹವಿಲ್ಲ; ಆದರೆ ಸಾಪೇಕ್ಷತಾವಾದಕ್ಕಿಂತ ಅದು ಮಹತ್ತರವಾದುದೆಂದು ಯಾರೂ ಹೇಳರು. ಉಲ್ಲೇಖವು ಉಪಯೋಗವನ್ನು ಅಳೆಯುತ್ತದೆ, ಮಹತ್ತ್ವವನ್ನಲ್ಲ.

ಅನೇಕರು ಕೂಡಿ ಮಾಡುವ ಕೆಲಸ

ಸಹಯೋಗವನ್ನು ಅಳೆಯುವುದು ಇನ್ನೂ ತೊಡಕಿನ ಮಾತು. ರಾಮನ್ ಪರಿಣಾಮವನ್ನು ಲೋಕಕ್ಕೆ ತಿಳಿಸಿದ 1928ರ ‘ನೇಚರ್’ ಪತ್ರಿಕೆಯ ಟಿಪ್ಪಣಿಯಲ್ಲಿ ಇದ್ದುದು ರಾಮನ್ ಮತ್ತು ಕೃಷ್ಣನ್ ಎಂಬ ಎರಡೇ ಹೆಸರು. ಹಂಗೆರಿಯ ಗಣಿತಜ್ಞ ಪಾಲ್ ಎರ್ಡಿಶ್ ಸುಮಾರು 1500 ಪ್ರಬಂಧಗಳನ್ನು 500ಕ್ಕೂ ಹೆಚ್ಚು ಮಂದಿಯ ಜೊತೆಗೂಡಿ ಬರೆದನು. 2015ರಲ್ಲಿ ಹಿಗ್ಸ್ ಬೋಸಾನ್ ಎಂಬ ಕಣದ ದ್ರವ್ಯರಾಶಿಯನ್ನು ಕುರಿತು ಜಿನೀವಾದ ಬಳಿಯ ಸರ್ನ್ ಸಂಸ್ಥೆಯ ಎರಡು ತಂಡಗಳು ಪ್ರಕಟಿಸಿದ ಪ್ರಬಂಧಕ್ಕೆ ಲೇಖಕರು 5154 ಮಂದಿ! ಅದರ 33 ಪುಟಗಳಲ್ಲಿ ವಿಷಯಕ್ಕೆ ಸಂದುದು 9. ಉಳಿದ 24 ಪುಟಗಳು ಲೇಖಕರ ಹೆಸರುಗಳಿಗೂ ಅವರ ಸಂಸ್ಥೆಗಳಿಗೂ ಮೀಸಲಾದುವು.

ಇಂಥ ಪ್ರಬಂಧದ ಕೀರ್ತಿಯನ್ನು ಹಂಚುವುದು ಹೇಗೆ? ಪ್ರತಿಯೊಬ್ಬನಿಗೂ ಪೂರ್ಣ ಒಂದು ಅಂಕ ಕೊಟ್ಟರೆ ಒಂದೇ ಪ್ರಬಂಧ ಐದು ಸಾವಿರ ಪ್ರಬಂಧಗಳಾಗುತ್ತದೆ. ಸಮನಾಗಿ ಭಾಗಿಸಿದರೆ, ಯಂತ್ರವನ್ನು ರೂಪಿಸಲು ಹತ್ತು ವರ್ಷ ದುಡಿದವನಿಗೂ ಕೆಲವು ತಿಂಗಳು ಇದ್ದವನಿಗೂ ಒಂದೇ ಪಾಲು. ಹೆಸರಿದ್ದ ಮಾತ್ರಕ್ಕೆ ದುಡಿಮೆಯಿತ್ತೆಂದೂ ಹೇಳಲಾಗದು. 1975ರಲ್ಲಿ ಅಮೆರಿಕದ ಜ್ಯಾಕ್ ಹೆದರಿಂಗ್ಟನ್ ತಾವೊಬ್ಬರೇ ಬರೆದ ಪ್ರಬಂಧದಲ್ಲಿ ‘ನಾವು’ ಎಂದು ಬಳಸಿದ್ದರು. ಒಬ್ಬನೇ ಲೇಖಕನಿರುವಾಗ ಪತ್ರಿಕೆ ಅದನ್ನು ಒಪ್ಪದೆಂದು ತಿಳಿದಾಗ, ಅಷ್ಟನ್ನೂ ಮತ್ತೆ ಬೆರಳಚ್ಚು ಮಾಡುವ ಬದಲು ತಮ್ಮ ಬೆಕ್ಕಿನ ಹೆಸರನ್ನೇ ಸಹಲೇಖಕನೆಂದು ಸೇರಿಸಿಬಿಟ್ಟರು. ಪ್ರಬಂಧ ಹಾಗೆಯೇ ಪ್ರಕಟವಾಯಿತು!

ಅಳತೆಗೆ ಸಿಕ್ಕದ ಇಬ್ಬರು

ಮೇಲೆ ಹೇಳಿದ ಆ ಕಣದ ಹೆಸರನ್ನೇ ನೋಡೋಣ. ಅದರಲ್ಲಿ ಇಬ್ಬರು ವಿಜ್ಞಾನಿಗಳ ಹೆಸರು ಅಡಗಿದೆ. ಪೀಟರ್ ಹಿಗ್ಸ್ ತಮ್ಮ ಮುಖ್ಯ ವಿಚಾರವನ್ನು 1964ರಲ್ಲಿ ಪ್ರಕಟಿಸಿದರು. ಆ ಬಳಿಕ ಅವರು ಬರೆದ ಪ್ರಬಂಧಗಳು ಹತ್ತಕ್ಕಿಂತ ಕಡಮೆ. 2013ರಲ್ಲಿ ಅವರಿಗೆ ನೊಬೆಲ್ ಪಾರಿತೋಷಕ ದೊರೆಯಿತು. ಇಂದಿನ ಎಣಿಕೆಯ ವ್ಯವಸ್ಥೆಯಲ್ಲಿ ತಮಗೆ ವಿಶ್ವವಿದ್ಯಾಲಯದಲ್ಲಿ ಕೆಲಸವೇ ದೊರೆಯುತ್ತಿರಲಿಲ್ಲವೆಂದು ಅದೇ ವರ್ಷ ಅವರು ಹೇಳಿದರು.

ಇನ್ನೊಬ್ಬರು ನಮ್ಮ ದೇಶದ ಸತ್ಯೇಂದ್ರನಾಥ ಬೋಸ್. ಢಾಕಾ ವಿಶ್ವವಿದ್ಯಾಲಯದಲ್ಲಿದ್ದಾಗ, 1924ರಲ್ಲಿ, ಅವರು ಬರೆದ ಕಿರುಪ್ರಬಂಧವನ್ನು ಐನ್‌ಸ್ಟೈನರೇ ಜರ್ಮನ್ ಭಾಷೆಗೆ ತಂದು ಪ್ರಕಟಣೆಗೆ ಕಳುಹಿಸಿದರು. ಇಂದು ಲೋಕದ ಯಾವ ಭೌತವಿಜ್ಞಾನಿಯೂ ‘ಬೋಸಾನ್’ ಎಂಬ ಮಾತನ್ನು ಬಳಸದೆ ಇರಲಾರನು. ಆದರೆ ಹಾಗೆ ಬಳಸುವಾಗ ಆ ಮೂಲ ಪ್ರಬಂಧವನ್ನು ಉಲ್ಲೇಖಿಸುವವರು ವಿರಳ. ವಿಚಾರವು ಪೂರ್ತಿಯಾಗಿ ಗೆದ್ದಾಗ ಅದು ಎಲ್ಲರ ಸೊತ್ತಾಗಿ, ಉಲ್ಲೇಖವೇ ನಿಂತುಹೋಗುತ್ತದೆ. ಅತಿ ದೊಡ್ಡ ಗೆಲವನ್ನೇ ಈ ಅಳತೆಗೋಲು ಕಾಣದು.

ಅಳತೆಯೇ ಗುರಿಯಾದಾಗ

ಇನ್ನೊಂದು ದೋಷ ಇದಕ್ಕಿಂತ ಆಳವಾದುದು. ಶಾಲೆ ತಪ್ಪಿಸಿಕೊಳ್ಳಲು ಹುಡುಗನು ಜ್ವರಮಾಪಕವನ್ನು ಬಿಸಿನೀರಿನಲ್ಲಿ ಅದ್ದಿದರೆ ಪಾದರಸ ಏರುತ್ತದೆ, ಜ್ವರ ಬರುವುದಿಲ್ಲ. ಹಾಗೆಯೇ ಎಣಿಕೆಗೆ ಬಹುಮಾನವಿಟ್ಟರೆ ಎಣಿಕೆ ಏರುತ್ತದೆ, ಜ್ಞಾನ ಏರಬೇಕೆಂದಿಲ್ಲ. ಒಂದೇ ಸಂಶೋಧನೆಯನ್ನು ತುಂಡುತುಂಡಾಗಿ ಪ್ರಕಟಿಸುವುದು, ತನ್ನನ್ನು ತಾನೇ ಬೇಕಿಲ್ಲದೆಯೂ ಉಲ್ಲೇಖಿಸಿಕೊಳ್ಳುವುದು, ಹಣ ಪಡೆದು ಏನನ್ನಾದರೂ ಅಚ್ಚುಹಾಕುವ ಪತ್ರಿಕೆಗಳಿಗೆ ಮೊರೆಹೋಗುವುದು, ಇವೆಲ್ಲ ಬಿಸಿನೀರಿನ ಉಪಾಯಗಳೇ. ನಮ್ಮ ದೇಶದಲ್ಲಿ ವಿಶ್ವವಿದ್ಯಾಲಯ ಅನುದಾನ ಆಯೋಗವು 2010ರಲ್ಲಿ ಅಧ್ಯಾಪಕರ ನೇಮಕ ಮತ್ತು ಬಡ್ತಿಗಳಿಗೆ ಪ್ರಬಂಧ ಮೊದಲಾದುವಕ್ಕೆ ಅಂಕ ಕೊಡುವ ಕ್ರಮವನ್ನು ತಂದಿತು. ಪಿಎಚ್.ಡಿ. ವಿದ್ಯಾರ್ಥಿಯು ಪದವಿಗೆ ಮುನ್ನ ಪ್ರಬಂಧವನ್ನು ಪ್ರಕಟಿಸಿರಲೇಬೇಕೆಂಬ ನಿಯಮವನ್ನು ಅದೇ ಆಯೋಗ 2022ರಲ್ಲಿ ಕೈಬಿಟ್ಟಿತು.

ವಿಜ್ಞಾನಿಗಳೂ ಎಚ್ಚೆತ್ತಿದ್ದಾರೆ. ಪತ್ರಿಕೆಯ ಪ್ರಭಾವಾಂಕದಿಂದ ವ್ಯಕ್ತಿಯನ್ನು ಅಳೆಯಕೂಡದೆಂದು 2012ರಲ್ಲಿ ಸ್ಯಾನ್‌ಫ್ರಾನ್ಸಿಸ್ಕೊದಲ್ಲಿ ರೂಪುಗೊಂಡ ಘೋಷಣೆ ಸಾರಿತು. 2015ರಲ್ಲಿ ಪ್ರಕಟವಾದ ಲೈಡನ್ ಪ್ರಣಾಳಿಕೆಯ ಹತ್ತು ಸೂತ್ರಗಳಲ್ಲಿ ಮೊದಲನೆಯದು, ಅಂಕಿಗಳು ತಜ್ಞರ ವಿವೇಚನೆಗೆ ನೆರವಾಗಬೇಕೇ ಹೊರತು ಅದರ ಸ್ಥಾನವನ್ನು ಆಕ್ರಮಿಸಬಾರದೆಂಬುದು.

ಹಾಗಾದರೆ ಈ ಅಳತೆಗಳನ್ನು ಎಸೆದುಬಿಡಬೇಕೆ? ಬೇಡ. ಶಿಫಾರಸು, ದಾಕ್ಷಿಣ್ಯ, ಬಂಧುತ್ವಗಳು ಪ್ರಬಲವಾಗಿರುವಲ್ಲಿ, ಯಾರೂ ಅರಿಯದ ಊರಿನ ಸಮರ್ಥನೊಬ್ಬನ ಪರವಾಗಿ ಅಂಕಿಗಳೇ ಸಾಕ್ಷಿ ನುಡಿಯಬಲ್ಲವು. ಆದರೆ ಸಾಕ್ಷಿಯ ಮಾತನ್ನು ಕೇಳಿದ ಮೇಲೆ ತೀರ್ಪು ಕೊಡುವ ಹೊಣೆ ನ್ಯಾಯಾಧೀಶನದೇ. ಅವನು ಪ್ರಬಂಧವನ್ನು ತೆರೆದು ಓದಲೇಬೇಕು. ಪ್ರಶ್ನೆ ಹೊಸದೆ, ವಿಧಾನ ಸರಿಯೆ, ಫಲ ಪ್ರಾಮಾಣಿಕವೆ ಎಂದು ಕೇಳಲೇಬೇಕು. ಓದುವ ಶ್ರಮವನ್ನು ಉಳಿಸಿಕೊಡುವ ಮಾನವನ್ನು ಇನ್ನೂ ಯಾರೂ ಕಂಡುಹಿಡಿದಿಲ್ಲ.